ಹಿತ್ತಲಿನಿಂದ ಬಾಲ್ಕನಿಗೆ: ಶಾಕಕೃಷಿ ಮತ್ತು ಶಾಕಪಾಕಗಳ ಸಂಬಂಧ

೧

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯು ಕನ್ನಡಿಗರೆಲ್ಲರಿಗೂ ವಿದಿತವಾದುದೇ ಆಗಿದೆ. ಕೈಗೆಟುಕುವ ವಸ್ತುವಿಗೆ ಬೆಲೆಯಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ಇಂಥ ಮಾತು ಹುಟ್ಟಬೇಕಾದರೆ ಮನೆಗೊಂದು ಹಿತ್ತಲು, ಹಿತ್ತಲಿನಲ್ಲಿ ಗಿಡ, ಆ ಗಿಡವನ್ನು ದಿನವೂ ಕಂಡು ಬೇಸತ್ತ ಕಣ್ಣು, ಈ ಮೂರೂ ಜನಸಾಮಾನ್ಯದಲ್ಲಿ ಇದ್ದಿರಬೇಕಷ್ಟೆ. ಬೆಂಗಳೂರಿನಂಥ ನಗರದಲ್ಲಿ ಬಹುಮಹಡಿಯ ಕಟ್ಟಡಗಳ ಮನೆಗಳಲ್ಲಿ ವಾಸಿಸುವ ಕುಟುಂಬಗಳಿಗೆ ಇಂದು ಹಿತ್ತಲಿಲ್ಲ, ಗಾದೆಯೊಂದೇ ಉಳಿದಿದೆ. ಆ ಕುಟುಂಬಗಳಲ್ಲಿ ಕೆಲವರು ಬಾಲ್ಕನಿಯ ಕುಂಡಗಳಲ್ಲಿ ಸೊಪ್ಪು ತರಕಾರಿಗಳನ್ನು ಬೆಳೆದು ಅಡುಗೆಗೆ ಬಳಸತೊಡಗಿದ್ದಾರೆ. ಇದನ್ನು ಹೊಸ ಕಾಲದ ಹವ್ಯಾಸವೆಂದು ಎಣಿಸುವುದು ವಾಡಿಕೆ. ಕನ್ನಡದ ಶಾಸ್ತ್ರಸಾಹಿತ್ಯವನ್ನು ಬಲ್ಲವರಿಗೆ ಇದರ ಹಿಂದೆ ಬಹು ಹಳೆಯದೊಂದು ವಿದ್ಯಾಸಂಬಂಧವು ಕಾಣುವುದು: ಬೆಳೆಯುವುದೂ ಅಟ್ಟುಣ್ಣುವುದೂ ಒಂದೇ ಗೃಹಸ್ಥವಿದ್ಯೆಯ ಎರಡು ಅಂಗಗಳೆಂಬ ಭಾವನೆ. ಆ ಸಂಬಂಧವು ಹೇಗಿದ್ದಿತು, ಹೇಗೆ ಕಡಿಯಿತು, ಅದು ಕಡಿದುದರಿಂದ ಹಳೆಯ ಗ್ರಂಥಗಳನ್ನು ಓದುವವರಿಗೆ ಒದಗಿದ ನಷ್ಟವೇನು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

‘ಹಿತ್ತಲು’ ಎಂಬುದು ಅಚ್ಚಕನ್ನಡ ಶಬ್ದ. ಹಳಗನ್ನಡದಲ್ಲಿ ಇದರ ರೂಪ ‘ಪಿತ್ತಿಲ್’. ‘ಪಿನ್’, ‘ಹಿಂದೆ’ ಎಂಬ ಶಬ್ದಗಳಿಗೂ ಇದಕ್ಕೂ ಮೂಲ ಒಂದೇ. ಪಕಾರವು ಹಕಾರವಾಗುವ ಪ್ರಸಿದ್ಧ ನಿಯಮದಂತೆ ‘ಹಿತ್ತಿಲ್’, ‘ಹಿತ್ತಲು’ ಎಂದಾಯಿತು. ಮನೆಯ ಹಿಂಬದಿಯ ನೆಲವೆಂಬುದು ಇದರ ಅರ್ಥ. ಅಡುಗೆಮನೆಯ ಬಾಗಿಲು ಸಾಮಾನ್ಯವಾಗಿ ಈ ನೆಲಕ್ಕೇ ತೆರೆಯುತ್ತಿತ್ತು. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೂ ಕೆಸುವಿನ ಬುಡಕ್ಕೂ ಹರಿಯುತ್ತಿತ್ತು. ತರಕಾರಿಯ ಸಿಪ್ಪೆ ತಿಪ್ಪೆಗೆ ಬಿದ್ದು ಗೊಬ್ಬರವಾಗುತ್ತಿತ್ತು. ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಕುಂಬಳದ ಬಳ್ಳಿ ಮಾಡಿಗೆ ಹಬ್ಬುತ್ತಿತ್ತು. ಒಲೆಗೂ ಗಿಡಕ್ಕೂ ನಡುವೆ ಹತ್ತು ಹೆಜ್ಜೆಯ ಅಂತರವೂ ಇರುತ್ತಿರಲಿಲ್ಲ.

೨

ಈ ಹತ್ತು ಹೆಜ್ಜೆಯ ಅಂತರವು ಗ್ರಂಥರೂಪದಲ್ಲಿ ಕಾಣಿಸುವುದು ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. ೧೦೨೫ರ ಸುಮಾರಿನಲ್ಲಿ, ರಚಿತವಾದ ಈ ಪದ್ಯಗ್ರಂಥವು ಹನ್ನೆರಡು ಅಧ್ಯಾಯಗಳಿಂದ ಕೂಡಿದೆ. ೧೯೫೦ರಲ್ಲಿ ಇದು ಮದರಾಸಿನಲ್ಲಿ ಅಚ್ಚಾಯಿತು. ಜ್ಯೋತಿಷ, ವಾಸ್ತು, ನೆಲದಡಿಯ ನೀರನ್ನು ಕಾಣುವ ಬಗೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಸೂಪಶಾಸ್ತ್ರ, ಮನುಷ್ಯರ ಹಾಗೂ ಪಶುಗಳ ವೈದ್ಯ, ವಿಷಚಿಕಿತ್ಸೆ, ಶಕುನ ಮುಂತಾದ ವಿಷಯಗಳು ಇದರಲ್ಲಿ ಒಟ್ಟುಗೂಡಿವೆ. ಮೇಲುನೋಟಕ್ಕೆ ಇದೊಂದು ಕಲಸುಮೇಲೋಗರದಂತೆ ತೋರಬಹುದು. ಗೃಹಸ್ಥನೊಬ್ಬನ ಬಾಳಿನ ಕ್ರಮದಲ್ಲಿ ಇರಿಸಿ ನೋಡಿದರೆ ವಿಷಯಗಳ ಹೊಂದಿಕೆ ಸ್ಪಷ್ಟವಾಗುತ್ತದೆ. ಮನೆ ಕಟ್ಟುವುದು, ನೀರು ತೋಡುವುದು, ಗಿಡ ನೆಡುವುದು, ಅಡುಗೆ ಮಾಡುವುದು, ರೋಗ ಬಂದಾಗ ಮದ್ದು ಕೊಡುವುದು, ಇವೆಲ್ಲವೂ ಒಂದೇ ಮನೆಯವರು ಮಾಡಬೇಕಾದ ಕೆಲಸಗಳು. ಗಿಡವನ್ನು ಸಾಕುವ ವಿದ್ಯೆಯೂ ಅದರ ಫಲವನ್ನು ಪಾಕಗೊಳಿಸುವ ವಿದ್ಯೆಯೂ ಒಂದೇ ಹೊತ್ತಗೆಯಲ್ಲಿ ನೆರೆಹೊರೆಯಾಗಿರುವುದಕ್ಕೆ ಇದೇ ಕಾರಣ.

ವೃಕ್ಷಾಯುರ್ವೇದವು ಚಾವುಂಡರಾಯನಿಗಿಂತ ಹಿಂದಿನದು. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿಯೇ ಅದಕ್ಕೊಂದು ಪ್ರಕರಣವಿದೆ, ಬೀಜವನ್ನು ಹಾಲಿನಲ್ಲಿ ನೆನೆಸುವುದು, ತುಪ್ಪ ಸವರಿದ ಕೈಯಿಂದ ತೀಡುವುದು, ಸಗಣಿಯಲ್ಲಿ ಉರುಳಿಸುವುದು ಮೊದಲಾದ ಸಂಸ್ಕಾರಗಳನ್ನು ಅಲ್ಲಿ ಹೇಳಿದೆ. ಸುರಪಾಲನ ‘ವೃಕ್ಷಾಯುರ್ವೇದ’ದಲ್ಲಿ ಬರುವ ಕುಣಪಜಲವೆಂಬುದು ಪ್ರಾಣಿಜನ್ಯ ಪದಾರ್ಥಗಳನ್ನು ಕೊಳೆಯಿಸಿ ಮಾಡುವ ದ್ರವರೂಪದ ಗೊಬ್ಬರ. ಈ ಸಂಸ್ಕೃತ ಶಾಸ್ತ್ರಪರಂಪರೆಯನ್ನು ಕನ್ನಡಕ್ಕೆ ತಂದು, ಅಡುಗೆಯ ವಿದ್ಯೆಯೊಡನೆ ಒಂದೇ ಸೂರಿನಡಿ ಇರಿಸಿದುದು ಲೋಕೋಪಕಾರದ ವಿಶೇಷ.

ನೂರು ವರ್ಷಗಳ ಅನಂತರ ಅದೇ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನ (೧೧೨೬–೧೧೩೮) ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಹುಟ್ಟಿತು. ಅದರಲ್ಲಿಯೂ ಅನ್ನಪಾಕದ ವಿಚಾರ ವಿಸ್ತಾರವಾಗಿಯೇ ಇದೆ. ಆದರೆ ಅದು ಬರುವುದು ರಾಜನ ಉಪಭೋಗಗಳ ವರ್ಗದಲ್ಲಿ, ‘ಅನ್ನಭೋಗ’ವೆಂಬ ಹೆಸರಿನಲ್ಲಿ. ಚಾವುಂಡರಾಯನಿಗೆ ಅಡುಗೆಯು ಲೋಕಕ್ಕೆ ಉಪಕಾರ. ಸೋಮೇಶ್ವರನಿಗೆ ಅದು ಅರಸನ ಉಪಭೋಗ. ಅರಮನೆಯ ಊಟದ ಮಣೆಯ ಮೇಲೆ ಕುಳಿತವನಿಗೆ ಗಿಡದ ಬುಡವು ಕಾಣುವುದಿಲ್ಲ. ಕಾಯಿಪಲ್ಯವು ತೋಟದಿಂದ ಬಂದುದೆಂಬ ಸಂಗತಿ ಅಲ್ಲಿ ಹಿನ್ನೆಲೆಗೆ ಸರಿಯಿತೆಂದು ಹೇಳಬಹುದು.

೩

ಕನ್ನಡದಲ್ಲಿ ಸ್ವತಂತ್ರವಾದ ಪಾಕಗ್ರಂಥವೆಂದು ಹೆಸರಾದುದು ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಈತನು ಇಂದಿನ ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭು. ಕಾಲ ೧೫೦೮ರ ಸುಮಾರು. ವಾರ್ಧಕ ಷಟ್ಪದಿಯಲ್ಲಿರುವ ಈ ಗ್ರಂಥದಲ್ಲಿ ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು ಇವುಗಳೊಡನೆ ಶಾಕಪಾಕಕ್ಕೂ ದೊಡ್ಡ ಸ್ಥಾನವಿದೆ. ಬದನೆ, ಬಾಳೆ, ಹಲಸು, ಬಿದಿರಿನ ಕಳಲೆ ಮುಂತಾದವುಗಳಿಂದ ಮಾಡುವ ಪಾಕಗಳನ್ನು ಕವಿಯು ಬಿಡಿಸಿ ಬಿಡಿಸಿ ಹೇಳುತ್ತಾನೆ. ಬೆಳೆಯುವ ವಿಚಾರವು ಈ ಗ್ರಂಥದ ವಸ್ತುವಲ್ಲ. ಲೋಕೋಪಕಾರದಲ್ಲಿ ಜೊತೆಗಿದ್ದ ಎರಡು ವಿದ್ಯೆಗಳಲ್ಲಿ ಒಂದು ಇಲ್ಲಿ ತಾನೇ ತಾನಾಗಿ ನಿಂತಿದೆ. ಕೆಳದಿಯ ಬಸವಪ್ಪನಾಯಕನ ಸಂಸ್ಕೃತ ವಿಶ್ವಕೋಶವಾದ ‘ಶಿವತತ್ತ್ವರತ್ನಾಕರ’ದಲ್ಲಿ (೧೭೦೯) ಪಾಕವಿದ್ಯೆಯು ಮತ್ತೆ ಹಲವು ಶಾಸ್ತ್ರಗಳ ನಡುವೆ ಸೇರಿತಾದರೂ ಅದೂ ಅರಮನೆಯ ಗ್ರಂಥವೇ.

ಮಂಗರಸನ ಕಾಲವು ಇನ್ನೊಂದು ಕಾರಣದಿಂದಲೂ ಗಮನಾರ್ಹ. ೧೪೯೮ರಲ್ಲಿ ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದಿತು. ೧೫೧೦ರಲ್ಲಿ ಗೋವೆಯು ಅವರ ವಶವಾಯಿತು. ಈ ಎರಡು ವರ್ಷಗಳ ನಡುವೆ ನಿಂತ ಗ್ರಂಥ ಸೂಪಶಾಸ್ತ್ರ. ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಸಿಹಿಗೆಣಸು ಇವಾವುವೂ ಆಗ ಕನ್ನಡ ನಾಡಿನ ಅಡುಗೆಮನೆಯನ್ನು ಹೊಕ್ಕಿರಲಿಲ್ಲ. ಆದುದರಿಂದ ಹಳೆಯ ಕಾವ್ಯದಲ್ಲಾಗಲಿ ಶಾಸ್ತ್ರದಲ್ಲಾಗಲಿ ‘ಮೆಣಸು’ ಎಂದು ಬಂದರೆ ಅದನ್ನು ಕಾಳುಮೆಣಸೆಂದೇ ತಿಳಿಯಬೇಕು. ಹೊಸ ಕಾಯಿಗೆ ಜನರು ಹಳೆಯ ಕಾಳಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದರು. ಕಾಲಕ್ರಮದಲ್ಲಿ ಕಾಯಿಯೇ ಮುಖ್ಯವಾಗಿ, ಮೂಲದ ಮೆಣಸಿಗೆ ‘ಕಾಳು’ ಎಂಬ ವಿಶೇಷಣವನ್ನು ಸೇರಿಸಬೇಕಾಗಿ ಬಂದಿತು. ಇಂದಿನ ವಿದ್ಯಾರ್ಥಿಯು ಹಳೆಯ ಪದ್ಯದಲ್ಲಿ ಮೆಣಸನ್ನು ಕಂಡು ಕೆಂಪು ಕಾಯಿಯನ್ನು ನೆನೆದರೆ ಅದು ಅವನ ತಪ್ಪಲ್ಲ. ಅವನು ಉಣ್ಣುವ ಸಾರೇ ಅವನಿಗೆ ಆ ಅರ್ಥವನ್ನು ಕಲಿಸಿದೆ.

‘ಸೀಮೆ’ ಎಂಬ ಪದದ ಚರಿತ್ರೆಯೂ ಇಂಥದೇ. ಎಲ್ಲೆ, ಪ್ರಾಂತ ಎಂಬ ಅರ್ಥವಿದ್ದ ಈ ಶಬ್ದವು ಪರದೇಶದಿಂದ ಬಂದುದಕ್ಕೆ ಗುರುತಾಯಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ, ಸೀಮೆಬದನೆ. ಬದನೆಯ ಜಾತಿಗೆ ಸೇರದ, ಬಳ್ಳಿಯಲ್ಲಿ ಬಿಡುವ ಸೀಮೆಬದನೆಯನ್ನು ಬೆಂಗಳೂರಿನಲ್ಲಿ ಪ್ರಚಾರಕ್ಕೆ ತಂದವನು ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರನ್ (೧೮೭೪–೧೯೦೮) ಎಂದು ಪ್ರಸಿದ್ಧಿಯಿದೆ. ಕನ್ನಡಿಗರಿಗೆ ಅದು ಸೀಮೆಯ ಬದನೆ. ತಮಿಳರಿಗೂ ತೆಲುಗರಿಗೂ ಅದು ಬೆಂಗಳೂರು ಬದನೆ. ಒಂದೇ ಕಾಯಿಯು ಬಂದ ಊರಿನಲ್ಲಿ ಪರದೇಶಿಯಾಗಿ, ಮುಂದಿನ ಊರಿಗೆ ಹೋದಾಗ ಬೆಂಗಳೂರಿನದಾಯಿತು.

೪

ಬೆಂಗಳೂರಿನಲ್ಲಿ ತರಕಾರಿ ಬೆಳೆಯುವುದನ್ನು ಕುಲವೃತ್ತಿಯಾಗಿ ನಡಸಿಕೊಂಡು ಬಂದವರು ತಿಗಳರು. ಕೆರೆಗಳ ಕೆಳಗಿನ ತೋಟಗಳಲ್ಲಿ ಇವರು ಬೆಳೆದ ಸೊಪ್ಪು, ಕಾಯಿ, ಹೂಗಳು ಪೇಟೆಯ ಮನೆಗಳನ್ನು ಸೇರುತ್ತಿದ್ದುವು. ೧೮೯೮ರ ಪ್ಲೇಗಿನ ತರುವಾಯ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದಾಗ ಇಕ್ಕಟ್ಟಾದ ಪೇಟೆಯಿಂದ ಹೊರಬಂದ ಕುಟುಂಬಗಳಿಗೆ ಗಾಳಿಬೆಳಕುಗಳೊಡನೆ ಹಿತ್ತಲೂ ದೊರೆಯಿತು; ಕರಿಬೇವು, ನುಗ್ಗೆ, ಸೀಮೆಬದನೆಯ ಚಪ್ಪರ ಇವು ಆ ಮನೆಗಳ ಲಕ್ಷಣಗಳಾದುವು. ೧೯೧೨ರಲ್ಲಿ ಕ್ರುಂಬಿಗಲ್ ಅವರ ಪ್ರಯತ್ನದಿಂದ ಮೈಸೂರು ತೋಟಗಾರಿಕಾ ಸಂಘವು ಹುಟ್ಟಿತು. ೧೯೨೮ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯು ಕಟ್ಟಲ್ಪಟ್ಟ ಮೇಲೆ ತರಕಾರಿಯ ವ್ಯಾಪಾರಕ್ಕೆ ಒಂದು ಕೇಂದ್ರವೇರ್ಪಟ್ಟಿತು. ಎರಡನೆಯ ಮಹಾಯುದ್ಧದ ಕಾಲದ ಆಹಾರದ ಅಭಾವದಲ್ಲಿ, ೧೯೪೩ರಲ್ಲಿ, ಭಾರತದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳುವಳಿಯು ಆರಂಭವಾಯಿತು.

ಅನಂತರದ ಮುಖ್ಯ ಘಟ್ಟವು ಬಹುಮಹಡಿಯ ವಾಸ. ೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಅಧಿನಿಯಮದ ಪ್ರಕಾರ ಪ್ರತಿಯೊಬ್ಬ ಒಡೆಯನಿಗೆ ತನ್ನ ಮನೆಯ ಮೇಲೆ ಪ್ರತ್ಯೇಕ ಹಕ್ಕೂ, ಕಟ್ಟಡವು ನಿಂತ ನೆಲವೇ ಮೊದಲಾದ ಸಾಮಾನ್ಯ ಭಾಗಗಳಲ್ಲಿ ಅವಿಭಕ್ತ ಪಾಲೂ ಇರುತ್ತದೆ. ಇದರ ಫಲವಾಗಿ ನೆಲದಲ್ಲಿ ಪಾಲಿದ್ದರೂ ಗುದ್ದಲಿ ಊರಲು ತನ್ನದೆಂಬ ಒಂದು ಗೇಣು ನೆಲವಿಲ್ಲದ ಗೃಹಸ್ಥನು ಕನ್ನಡ ನಾಡಿನ ಚರಿತ್ರೆಯಲ್ಲಿ ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡನು. ಅವನಿಗೆ ಆಕಾಶಕ್ಕೆ ತೆರೆದ ತಾಣವೆಂದರೆ ಬಾಲ್ಕನಿಯೊಂದೇ. ಈ ಶಬ್ದವು ಇಟಲಿಯ ಭಾಷೆಯಿಂದ ಇಂಗ್ಲಿಷಿನ ಮೂಲಕ ಬಂದುದು; ಇದಕ್ಕೆ ಮೊಗಸಾಲೆ, ಉಪ್ಪರಿಗೆ ಎಂಬ ಹಳೆಯ ಪದಗಳಾವುವೂ ಸರಿಯಾಗಿ ಒಪ್ಪುವುದಿಲ್ಲ. ಹಿತ್ತಲು ಮನೆಯ ಹಿಂದೆ, ಹೊರಗಿನವರ ಕಣ್ಣಿಗೆ ಬೀಳದಂತೆ ಇರುತ್ತಿದ್ದರೆ, ಬಾಲ್ಕನಿಯು ಬಹುಮಟ್ಟಿಗೆ ಬೀದಿಗೆ ಮುಖಮಾಡಿ ನಿಂತಿರುತ್ತದೆ.

ಈ ತಾಣದಲ್ಲಿ ಬೆಳೆಯುವುದಕ್ಕೆ ಅದರದೇ ಆದ ನಿಯಮಗಳುಂಟು. ಮೊದಲನೆಯದು ಬಿಸಿಲು. ಬೆಂಗಳೂರು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ನಡುಹಗಲಿನ ಸೂರ್ಯನು ಏಪ್ರಿಲಿನ ಕೊನೆಯಿಂದ ಆಗಸ್ಟಿನ ನಡುವಿನವರೆಗೆ ನೆತ್ತಿಯ ಉತ್ತರಕ್ಕೂ, ಉಳಿದ ಎಂಟು ತಿಂಗಳು ದಕ್ಷಿಣಕ್ಕೂ ಇರುತ್ತಾನೆ. ಆದುದರಿಂದ ತೆಂಕಣ ಬಾಲ್ಕನಿಗೆ ವರ್ಷದ ಬಹುಭಾಗ ಬಿಸಿಲು ಬೀಳುವುದು. ಬಡಗಣ ಬಾಲ್ಕನಿಯಲ್ಲಿ ನೆರಳನ್ನು ಸಹಿಸುವ ಒಂದೆಲಗ, ಪುದೀನ ಮುಂತಾದವು ಮಾತ್ರ ಚೆನ್ನಾಗಿ ಬರುವುವು. ಎರಡನೆಯದು ಭಾರ. ಒಂದು ಘನ ಅಡಿ ತೇವದ ತೋಟದ ಮಣ್ಣು ಸುಮಾರು ೪೫ರಿಂದ ೫೦ ಕಿಲೋಗ್ರಾಂ ತೂಗುತ್ತದೆ. ಆ ಕಾರಣದಿಂದ ಕೆಂಪುಮಣ್ಣಿಗೆ ಕಾಂಪೋಸ್ಟು ಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರಸಿ ಹಗುರಮಾಡುತ್ತಾರೆ. ಮೂರನೆಯದು ಬೇರಿನ ಆಳ. ದಂಟು, ಮೆಂತ್ಯ, ಕೊತ್ತಂಬರಿಗಳಿಗೆ ಅರ್ಧ ಅಡಿ ಮಣ್ಣು ಸಾಕು. ಬದನೆ, ಟೊಮೇಟೊ, ಬೆಂಡೆಗಳಿಗೆ ಒಂದು ಅಡಿಯಾದರೂ ಬೇಕು. ಕುಂಬಳ, ಹೀರೆ ಮೊದಲಾದ ಬಳ್ಳಿಗಳಲ್ಲಿ ಗಂಡುಹೂ ಹೆಣ್ಣುಹೂಗಳು ಬೇರೆ ಬೇರೆಯಾಗಿರುವುದರಿಂದ, ದುಂಬಿ ಜೇನುಗಳು ಏರಿಬಾರದ ಎತ್ತರದಲ್ಲಿ ಹೂವಿನ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕಾಗುತ್ತದೆ. ಹಿತ್ತಲಿನಲ್ಲಿ ತಾನಾಗಿ ನಡೆಯುತ್ತಿದ್ದ ಕಾರ್ಯವು ಇಲ್ಲಿ ಮನೆಯವರ ದಿನಚರಿಯ ಭಾಗವಾಗಿದೆ.

ಈ ಬಗೆಯ ಕೃಷಿಗೆ ಶಾಸ್ತ್ರದ ಬೆಂಬಲವೂ ಒದಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಅರ್ಕ’ ಎಂಬ ಪೂರ್ವಪದದಿಂದ ಹೆಸರಿಸಿದ ತಳಿಗಳಲ್ಲಿ ಮತ್ತೆ ಮತ್ತೆ ಕೊಯ್ಯಬಹುದಾದ ‘ಅರ್ಕ ಸುಗುಣ’ ಹರಿವೆಯೂ, ಹಳದಿ ನರದ ರೋಗವನ್ನು ತಡೆಯುವಂತೆ ರೂಪಿಸಿದ ‘ಅರ್ಕ ಅನಾಮಿಕ’ ಬೆಂಡೆಯೂ ಸೇರಿವೆ. ೨೦೧೧ರಲ್ಲಿ ಬೆಂಗಳೂರಿನಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಹೆಸರಿನ ಕೈತೋಟಿಗರ ಮೇಳವು ಮೊದಲಾಯಿತು. ಇಂಗ್ಲಿಷು ಕನ್ನಡಗಳು ಬೆರೆತ ಆ ಹೆಸರಿನಲ್ಲಿ ಊಟ, ತೋಟ ಎಂಬ ಎರಡು ಶಬ್ದಗಳು ಮಾತ್ರ ಕನ್ನಡವಾಗಿಯೇ ಉಳಿದಿರುವುದು ಅರ್ಥವತ್ತಾಗಿದೆ. ಲೋಕೋಪಕಾರದಲ್ಲಿ ಜೊತೆಗಿದ್ದ ವಿದ್ಯೆಗಳು ಅವೇ ಎರಡು.

೫

ಬಾಲ್ಕನಿಯ ಫಲವು ಅತ್ಯಲ್ಪ. ಒಂದು ಕುಂಡದ ದಂಟಿನಸೊಪ್ಪು ಬಿತ್ತಿದ ೨೫–೩೦ ದಿನಗಳಲ್ಲಿ ಕೊಯ್ಲಿಗೆ ಬಂದರೂ, ಬೇಯಿಸಿದಾಗ ಕುಗ್ಗಿ ಒಬ್ಬರ ಊಟಕ್ಕೆ ಮಾತ್ರ ಸಾಕಾಗುವುದು. ಮಾರುಕಟ್ಟೆಯ ಲೆಕ್ಕದಿಂದ ನೋಡಿದರೆ ಇದು ವ್ಯರ್ಥ ಶ್ರಮವೆಂದೇ ತೋರುತ್ತದೆ. ಆದರೆ ಒಂದು ಹಿಡಿ ಸೊಪ್ಪಿನಿಂದ ಇಡೀ ಮನೆಗೆ ಉಣಿಸುವ ಉಪಾಯವು ಕನ್ನಡ ನಾಡಿನ ಅಡುಗೆಯಲ್ಲಿ ಹಿಂದಿನಿಂದಲೂ ಇದೆ. ಮಲೆನಾಡಿನ ತಂಬುಳಿಯನ್ನು ನೋಡಬಹುದು. ಹತ್ತು ಹನ್ನೆರಡು ದೊಡ್ಡಪತ್ರೆಯ ಎಲೆಗಳನ್ನೋ ಒಂದು ಹಿಡಿ ಒಂದೆಲಗವನ್ನೋ ಜೀರಿಗೆ ಕಾಳುಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿಯೊಡನೆ ಅರೆದು, ಮಜ್ಜಿಗೆಯಲ್ಲಿ ಕದಡಿ, ಒಗ್ಗರಣೆ ಕೊಟ್ಟರೆ ನಾಲ್ವರ ಅನ್ನಕ್ಕೆ ಸಾಲುತ್ತದೆ. ಮೆಣಸಿನಕಾಯಿಗೆ ಎಡೆಗೊಡದೆ ಕಾಳುಮೆಣಸನ್ನೇ ಉಳಿಸಿಕೊಂಡಿರುವ ಈ ಪದಾರ್ಥದಲ್ಲಿ ಮಂಗರಸನ ಕಾಲದ ಕಾರದ ರುಚಿ ಇಂದಿಗೂ ನಾಲಗೆಗೆ ಸಿಕ್ಕುತ್ತದೆ. ಬಯಲುಸೀಮೆಯ ಬಸ್ಸಾರು ಇನ್ನೊಂದು ಉದಾಹರಣೆ. ಸೊಪ್ಪನ್ನು ಬೇಳೆಯೊಡನೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದುದರಿಂದ ಪಲ್ಯವನ್ನೂ ಮಾಡುವುದರಿಂದ ಒಂದೇ ಹಿಡಿ ಸೊಪ್ಪು ಎರಡು ಪದಾರ್ಥಗಳಾಗುತ್ತದೆ. ‘ಬಸಿ’ ಎಂಬ ಧಾತುವೇ ಹೆಸರಿನಲ್ಲಿ ನಿಂತಿದೆ. ಅಲ್ಪವನ್ನು ಹಿಗ್ಗಿಸುವ ಈ ಪಾಕಗಳು ಅರಮನೆಯ ಭಂಡಾರದಲ್ಲಿ ಹುಟ್ಟಿದುವಾಗಿರಲಾರವು. ಹಿತ್ತಲಿನಿಂದ ಮಡಿಲಿನಲ್ಲಿ ಸೊಪ್ಪು ತಂದ ಹೆಂಗಸರ ಕೈಯಲ್ಲಿ ರೂಪುಗೊಂಡುವೆಂದು ಊಹಿಸುವುದು ಸಹಜ. ಗ್ರಂಥಕರ್ತರಾದ ಪ್ರಭುಗಳ ಹೆಸರುಗಳು ಉಳಿದಿವೆ. ಆ ಹೆಂಗಸರ ಹೆಸರುಗಳು ಉಳಿದಿಲ್ಲ.

ಅವರು ಬಲ್ಲ ಗಿಡಗಳ ಹೆಸರುಗಳೂ ಈಗ ಅಳಿಯುತ್ತಿವೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಬೆರಕೆಸೊಪ್ಪು’ ಎಂದರೆ ಹೊಲದಲ್ಲಿಯೂ ಹಿತ್ತಲಿನಲ್ಲಿಯೂ ತಾವಾಗಿ ಹುಟ್ಟುವ ಹಲವು ಸೊಪ್ಪುಗಳ ಕೂಟ: ಅಣ್ಣೆ, ಹೊನಗೊನೆ, ಗಣಿಕೆ, ಗೋಣಿ, ಕೊಮ್ಮೆ, ಕೀರೆ. ಇವುಗಳಲ್ಲಿ ಕೆಲವು ಇಂದಿಗೂ ಮೂಟೆಯಲ್ಲಿ ಕೊಂಡುತಂದ ಮಣ್ಣಿನೊಡನೆ ಬಾಲ್ಕನಿಯ ಕುಂಡಕ್ಕೆ ಬಂದು ಮೊಳೆಯುತ್ತವೆ. ಹೆಸರನ್ನು ಬಲ್ಲವರು ಚಿವುಟಿ ಸಾರಿಗೆ ಹಾಕುತ್ತಾರೆ. ಅರಿಯದವರು ಕಳೆಯೆಂದು ಕಿತ್ತೆಸೆದು, ಅದೇ ಕುಂಡದಲ್ಲಿ ಅಂಗಡಿಯ ಬೀಜವನ್ನು ಬಿತ್ತುತ್ತಾರೆ. ಗಿಡವು ಎದುರಿಗೇ ಇದ್ದರೂ ಶಬ್ದವು ಅರ್ಥಕಳೆದುಕೊಳ್ಳುವ ಬಗೆ ಇದು.

ಸಾಹಿತ್ಯಾಭ್ಯಾಸಕ್ಕೆ ಇದರಿಂದಾಗುವ ಹಾನಿಯು ಸಣ್ಣದಲ್ಲ. ಬಸವಣ್ಣನು ಒಂದು ವಚನದಲ್ಲಿ ಕುಂಬಳಕಾಯಿಗೆ ಕಬ್ಬಿಣದ ಪಟ್ಟಿ ಬಿಗಿಯುವ ದೃಷ್ಟಾಂತವನ್ನು ಕೊಟ್ಟು, ಅದರಿಂದ ಕಾಯಿ ಬಲಿಯುವ ಬದಲು ಕೊಳೆಯುವುದೆಂದು ಸೂಚಿಸುತ್ತಾನೆ. ಬಳ್ಳಿಯಲ್ಲಿ ದಿನದಿನವೂ ಹಿಗ್ಗುವ ಕಾಯಿಯನ್ನು ಕಂಡವನಿಗೆ ಈ ಮಾತು ವಿವರಣೆಯಿಲ್ಲದೆ ನಾಟುತ್ತದೆ. ಅಂಗಡಿಯಲ್ಲಿ ಕತ್ತರಿಸಿದ ಹೋಳನ್ನು ಮಾತ್ರ ಕಂಡ ವಿದ್ಯಾರ್ಥಿಗೆ ಅಧ್ಯಾಪಕರು ಮೊದಲು ಬಳ್ಳಿಯನ್ನು ಬಣ್ಣಿಸಬೇಕು, ಅನಂತರ ಉಪಮೆಯನ್ನು. ಕಿಟ್ಟೆಲರು ತಮ್ಮ ನಿಘಂಟಿನಲ್ಲಿ (೧೮೯೪) ಅನೇಕ ಸಸ್ಯನಾಮಗಳಿಗೆ ಲ್ಯಾಟಿನ್ ನಾಮಗಳನ್ನು ಕೊಟ್ಟು ಮಹೋಪಕಾರ ಮಾಡಿದ್ದಾರೆ. ಆದರೂ ಹಳೆಯ ಗ್ರಂಥಗಳ ಶಬ್ದಕೋಶಗಳಲ್ಲಿ ‘ಒಂದು ಬಗೆಯ ಸೊಪ್ಪು’, ‘ಒಂದು ಗಿಡ’ ಎಂಬಷ್ಟಕ್ಕೇ ನಿಂತ ಅರ್ಥವಿವರಣೆಗಳು ಓದುಗರಿಗೆ ಪರಿಚಿತವಾದುವೇ. ಪಾಕಗ್ರಂಥದಲ್ಲಿ ಇಂಥ ವಿವರಣೆಯಿಂದ ಪ್ರಯೋಜನವಿಲ್ಲ. ಯಾವ ಸೊಪ್ಪೆಂದು ತಿಳಿಯದಿದ್ದರೆ ಅದರ ಕಹಿಯೋ ಲೋಳೆಯೋ ಹುಳಿಯೋ ತಿಳಿಯದು. ಅದು ತಿಳಿಯದೆ ಕವಿಯು ಅದಕ್ಕೆ ಹುಣಸೆಯನ್ನೋ ಬೆಲ್ಲವನ್ನೋ ಏಕೆ ಸೇರಿಸಿದನೆಂಬುದೂ ತಿಳಿಯದು.

ಹೆಸರಿನೊಡನೆ ಊರೂ ಕೂಡಿಕೊಂಡಿರುವ ಕಾಯಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳವು ವಾದಿರಾಜಸ್ವಾಮಿಗಳ ಪ್ರಸಾದವೆಂಬ ಐತಿಹ್ಯವಿದೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆಯಿತು. ಮೈಸೂರಿನ ಈರನಗೆರೆಯ ಹೆಸರು ಹೊತ್ತ ಬದನೆಯು ಈಗ ಮನೆಗಳಿಂದ ತುಂಬಿದ ಕೇರಿಯೊಂದರ ಹಳೆಯ ತೋಟಗಳನ್ನು ನೆನಪಿಗೆ ತರುತ್ತದೆ. ‘ಬದನೆ’ ಎಂಬ ಒಂದೇ ಪದದ ಕೆಳಗೆ ಇಂಥ ಭೇದಗಳು ಅಡಗಿರುವಾಗ, ಮಂಗರಸನು ಹೇಳುವ ಬದನೆಯ ಪಾಕಗಳಲ್ಲಿ ಯಾವುದಕ್ಕೆ ಎಂಥ ಕಾಯಿ ಒಪ್ಪುವುದೆಂಬುದನ್ನು ಒಲೆಯ ಮುಂದೆ ನಿಂತೇ ನಿರ್ಣಯಿಸಬೇಕಾಗಿದೆ.

ಲೋಕೋಪಕಾರ, ಸೂಪಶಾಸ್ತ್ರಗಳಲ್ಲಿ ಬರುವ ಸೊಪ್ಪು, ಕಾಯಿ, ಗೆಡ್ಡೆಗಳ ಹೆಸರುಗಳನ್ನು ಪಟ್ಟಿಮಾಡಿ, ಒಂದೊಂದಕ್ಕೂ ಜಿಲ್ಲೆವಾರು ಬಳಕೆಯಲ್ಲಿರುವ ನಾಮಗಳನ್ನು ಕೂಡಿಸಿ, ಸಸ್ಯಶಾಸ್ತ್ರಜ್ಞರಿಂದಲೂ ಹಳ್ಳಿಯ ಹಿರಿಯ ಹೆಂಗಸರಿಂದಲೂ ಪರಿಶೋಧಿಸಿಕೊಳ್ಳುವ ಕಾರ್ಯವು ಅವಶ್ಯವಾಗಿ ಆಗಬೇಕು. ಬೆಳೆಯಬಲ್ಲವುಗಳನ್ನು ಶಾಲೆಯ ಅಂಗಳದಲ್ಲೋ ಅಧ್ಯಾಪಕರ ಮನೆಯ ಬಾಲ್ಕನಿಯಲ್ಲೋ ಬೆಳೆದು, ಗ್ರಂಥದಲ್ಲಿ ಹೇಳಿದಂತೆ ಒಮ್ಮೆ ಅಡುಗೆ ಮಾಡಿ ನೋಡಿದರೆ ಎಷ್ಟೋ ಸಂದಿಗ್ಧ ಪಾಠಗಳು ತಾವಾಗಿ ಬಗೆಹರಿಯಬಹುದು. ಹಲಸು, ಬಿದಿರಿನ ಕಳಲೆಗಳಿಗೆ ಕುಂಡವು ಸಾಲದು. ಬದನೆಗೂ ಬಸಳೆಗೂ ದಂಟಿಗೂ ಒಂದು ಅಡಿ ಮಣ್ಣು, ಅರ್ಧ ದಿನದ ಬಿಸಿಲು ಸಾಕು. ಬೆರಕೆಸೊಪ್ಪಿನ ಹೆಸರುಗಳನ್ನು ಬಾಯಲ್ಲಿ ಹೇಳಬಲ್ಲ ತಲೆಮಾರು ಇನ್ನೂ ಇರುವಾಗಲೇ ಈ ಕೆಲಸವನ್ನು ಆರಂಭಿಸುವುದು ಉಚಿತ.